ಎದ್ದು ನಡೆಯುವ ಪ್ರೇಕ್ಷಕ

ಕೆಲವು ಕಲಾಶಾಲೆಗಳು ಪದವಿ ಹಂತದಲ್ಲೇ ರಂಗವಿನ್ಯಾಸದ ಜೊತೆ 'ಅನುಭವ ವಿನ್ಯಾಸ'ವನ್ನೂ ಕಲಿಸುತ್ತಿವೆ. ಪ್ರೇಕ್ಷಕ ಎಲ್ಲಿ ನಿಲ್ಲಬೇಕು, ಎತ್ತ ತಿರುಗಬೇಕು, ಎಷ್ಟು ಹೊತ್ತು ಕಾಯಬೇಕು ಎಂಬುದೇ ಅಲ್ಲಿನ ಪಾಠ. ಆ ವಿದ್ಯಾರ್ಥಿಗಳು ಲಂಡನ್ನಿನತ್ತ ನೋಡುವ ಮೊದಲು 'ಮಲೆಗಳಲ್ಲಿ ಮದುಮಗಳು' ಪ್ರಯೋಗವನ್ನು ಬಿಡಿಸಿ ನೋಡಲಿ.

ಕುವೆಂಪು ಕಾದಂಬರಿಯನ್ನು ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕವಾಗಿಸಿದರು. ಮುಂದೆ ಅದು ಬೆಂಗಳೂರಿನ ಕಲಾಗ್ರಾಮಕ್ಕೂ ಬಂತು. ಬಯಲಲ್ಲಿ ನಾಲ್ಕು ರಂಗಸ್ಥಳ, ಸುಮಾರು ಒಂಬತ್ತು ಗಂಟೆ. ಒಂದು ಕಡೆ ಮುಗಿದರೆ ಜನ ಎದ್ದು ಇನ್ನೊಂದು ಕಡೆಗೆ ನಡೆಯಬೇಕು. ರಂಗಸಜ್ಜಿಕೆ, ಬೆಳಕನ್ನು ಹೊಗಳುವುದು ಸುಲಭ. ನನಗೆ ದೊಡ್ಡದಾಗಿ ಕಾಣುವುದು ಆ ನಡಿಗೆ. ಕಾದಂಬರಿಯ ಮಂದಿಯೂ ಕಾಡುದಾರಿ ಸವೆಸುವವರೇ. ನಿದ್ದೆಗಣ್ಣಲ್ಲಿ ಎದ್ದು ಹೊರಟ ಪ್ರೇಕ್ಷಕನ ಕಾಲಿಗೂ ಕಥೆ ಇಳಿಯುತ್ತದೆ.

ಒಂದು ತಕರಾರಿದೆ. ಇಲ್ಲಿ ಎಲ್ಲರೂ ಒಟ್ಟಿಗೇ ಏಳಬೇಕು. ಹೊಸಕೋಟೆ ಕಡೆಯ ಹಳ್ಳಿಗಳಲ್ಲಿ ಬಾಡಿಗೆ ಸೀನರಿ ಕಟ್ಟಿ 'ಕುರುಕ್ಷೇತ್ರ' ಆಡುವಾಗ ಹಾಗಲ್ಲ. ಬೇಕೆಂದಾಗ ಎದ್ದು ಟೀ ಕುಡಿದು, ಭೀಮ ಬರುವ ಹೊತ್ತಿಗೆ ಸರಿಯಾಗಿ ಮರಳುತ್ತಾರೆ. ಕಥೆ ಗೊತ್ತಿದ್ದವರ ಸಲಿಗೆ ಅದು. ಕಾದಂಬರಿ ಓದದವರಿಗೆ 'ಮದುಮಗಳು' ಆ ಸಲಿಗೆ ಕೊಡುವುದಿಲ್ಲ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ನಡುರಾತ್ರಿ ಬಂದವನಿಗೂ ಹಳ್ಳಿಯ ಆಟದಲ್ಲಿ ಜಾಗ ಸಿಗುತ್ತದೆ. ತಡವಾಗಿ ಬಂದವನಿಗೆ ಬಾಗಿಲು ಎಲ್ಲಿಡಬೇಕು? ತರಗತಿಯ ನಕ್ಷೆಯಲ್ಲಿ ನಾನು ಮೊದಲು ಹುಡುಕುವುದು ಅದನ್ನೇ.