ಸಾವಿರ ಹಾಸಿಗೆಗಳ ಒಂದು ವಾಕ್ಯ

ನರ್ಸಿಂಗ್ ಕಾಲೇಜುಗಳ ಪರಿಚಯ ಪುಸ್ತಿಕೆಗಳನ್ನು ವಿಮರ್ಶೆಗೆ ತಕ್ಕ ಬರವಣಿಗೆ ಎಂದು ಯಾರೂ ಎಣಿಸಿಲ್ಲ. ಆದರೆ ಪ್ರತಿ ವರ್ಷ ಸಾವಿರಾರು ಜನ ಅವನ್ನು ನಂಬಿ ಸಾಲ ಮಾಡುತ್ತಾರೆ, ಊರು ಬಿಡುತ್ತಾರೆ, ಇದ್ದ ಕೆಲಸವನ್ನೂ ಬಿಡುತ್ತಾರೆ. ಓದಿದವರ ಬದುಕನ್ನು ಇಷ್ಟು ನೇರವಾಗಿ ತಿರುಗಿಸುವ ಇನ್ನೊಂದು ಗದ್ಯ ನನಗೆ ಗೊತ್ತಿಲ್ಲ. ಹೋದ ಬೇಸಿಗೆಯಲ್ಲಿ ಇಂಥ ಒಂಬತ್ತು ಪುಸ್ತಿಕೆಗಳನ್ನು ಗೆರೆ ಎಳೆದು ಓದಿದೆ. ಓದಿಸಿದ್ದು ನನ್ನ ತಂಗಿ.

ಅವಳಿಗೆ 32. ಬಿ.ಕಾಂ. ಮುಗಿಸಿ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಹತ್ತು ವರ್ಷ ಲೆಕ್ಕಪತ್ರ ನೋಡಿಕೊಂಡವಳು. ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ತಿಂಗಳುಗಳಲ್ಲಿ ರಾತ್ರಿ ಉಳಿಯುತ್ತಿದ್ದವಳು ಅವಳೇ. ಅಪ್ಪನ ಬೆನ್ನಿನಲ್ಲಿ ಹಾಸಿಗೆ ಹುಣ್ಣಾದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆ, ಕಾಲಿನ ನಡುವೆ ದಿಂಬು ಎಲ್ಲಿ ಇಡಬೇಕು ಎಂದು ಒಬ್ಬ ಸಿಸ್ಟರ್ ಅವಳ ಕೈ ಹಿಡಿದು ಕಲಿಸಿದರು. ಹುಣ್ಣು ಮಾಗಿತು, ಅಪ್ಪ ಉಳಿಯಲಿಲ್ಲ. ತಿಥಿ ಮುಗಿದ ವಾರಕ್ಕೆ, "ಅಕ್ಕಾ, ನಾನು ನರ್ಸಿಂಗ್ ಓದ್ತೀನಿ" ಅಂದಳು.

ಪಿಯುಸಿಯಲ್ಲಿ ವಿಜ್ಞಾನ ಓದದವರಿಗೆ ಬಿ.ಎಸ್ಸಿ. ನರ್ಸಿಂಗ್ ಸಿಗುವುದಿಲ್ಲ. ಉಳಿಯುವುದು ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾ, ಜಿಎನ್‌ಎಂ. ಅದಕ್ಕೂ 35ರ ವಯೋಮಿತಿ ಇದೆ. ಅಮೆರಿಕದಲ್ಲಿ ಬೇರೆ ಪದವಿ ಪಡೆದವರಿಗೆಂದೇ ಒಂದು, ಒಂದೂವರೆ ವರ್ಷದ ನರ್ಸಿಂಗ್ ಪದವಿ ಇದೆ. ನಮ್ಮಲ್ಲಿ ಡಿಗ್ರಿ ಇದ್ದವರೂ ಹದಿನೆಂಟರ ಮಕ್ಕಳ ಪಕ್ಕದಲ್ಲಿ ಮೊದಲ ಪಾಠದಿಂದಲೇ ಕೂರಬೇಕು. ಕಾಲೇಜು ಆರಿಸುವುದರಲ್ಲಿ ಆ ಮಕ್ಕಳು ತಪ್ಪಿದರೆ ತಿದ್ದಿಕೊಳ್ಳಲು ವರ್ಷಗಳಿವೆ, 32ರವಳಿಗೆ ಇಲ್ಲ.

ಆ ಒಂಬತ್ತು ಪುಸ್ತಿಕೆಗಳ ಪೈಕಿ ಏಳರಲ್ಲಿ ಒಂದೇ ವಾಕ್ಯ, ಅಂಕಿ ಮಾತ್ರ ಬೇರೆ ಬೇರೆ: "ನಮ್ಮ ಸಂಸ್ಥೆಯು 1000 ಹಾಸಿಗೆಗಳ ಆಸ್ಪತ್ರೆಗಳೊಂದಿಗೆ ಸಂಯೋಜನೆ ಹೊಂದಿದೆ." ಕಟ್ಟಡದ ಫೋಟೊ, ಬಸ್ಸಿನ ಫೋಟೊ, ವಿದೇಶಕ್ಕೆ ಹಾರಿದವರ ಫೋಟೊ ಎಲ್ಲವನ್ನೂ ಬದಿಗಿಟ್ಟು ಈ ವಾಕ್ಯದ ಮುಂದೆ ಕೂತರೆ ಇಡೀ ಪುಸ್ತಿಕೆಯ ಗುಟ್ಟು ಬಿಚ್ಚಿಕೊಳ್ಳುತ್ತದೆ.

"ಆಸ್ಪತ್ರೆಗಳೊಂದಿಗೆ" ಎಂಬಲ್ಲಿ ಬಹುವಚನವಿದೆ. ಆದರೆ 1000 ಎಂಬ ಅಂಕಿ ಮೊದಲೇ ಬಂದು ಕಣ್ಣಿಗೆ ತುಂಬಿಕೊಳ್ಳುವುದರಿಂದ ಓದುವವರ ಮನಸ್ಸಿನಲ್ಲಿ ನಿಲ್ಲುವುದು ಸಾವಿರ ಹಾಸಿಗೆಯ ಒಂದೇ ದೊಡ್ಡ ಆಸ್ಪತ್ರೆ. ಐದಾರು ಆಸ್ಪತ್ರೆಗಳ ಹಾಸಿಗೆ ಕೂಡಿಸಿ ಬಂದ ಮೊತ್ತ ಅದು ಎಂಬುದು ಆ "ಗಳ"ದೊಳಗೆ ಅಡಗಿ ಕೂತಿರುತ್ತದೆ. "ಹೊಂದಿದೆ" ಎಂಬ ಕ್ರಿಯಾಪದವೂ ಅಷ್ಟೇ. ವಿದ್ಯಾರ್ಥಿಯನ್ನು ಯಾವ ವಾರ್ಡಿಗೆ ಕಳಿಸುತ್ತಾರೆ, ಎಷ್ಟು ವಾರ, ಯಾವ ಪಾಳಿಗೆ, ಜೊತೆಗೆ ಟ್ಯೂಟರ್ ಇರುತ್ತಾರೋ ಇಲ್ಲವೋ? ಸಂಸ್ಥೆ ಹೊಂದಿದೆ, ವಿದ್ಯಾರ್ಥಿ ಏನು ಮಾಡುತ್ತಾಳೆ ಎಂಬ ಮಾತೇ ಇಲ್ಲ.

ನನ್ನನ್ನು ಹೆಚ್ಚು ಕಾಡಿದ್ದು "ಹಾಸಿಗೆ" ಎಂಬ ಪದ. ನಾವು "ಹಾಸಿಗೆ ಹಿಡಿದರು" ಅನ್ನುತ್ತೇವೆ. ನಮ್ಮ ಮಾತಿನಲ್ಲಿ ಹಾಸಿಗೆ ಅಂದ ಕೂಡಲೇ ಅದರ ಮೇಲೆ ನರಳುವ ಒಂದು ಜೀವ ಕಾಣುತ್ತದೆ. ಪುಸ್ತಿಕೆಯ ಹಾಸಿಗೆಯ ಮೇಲೆ ಯಾರೂ ಇಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮ ಹಾಸಿಗೆ ಎಣಿಸಿ ಸುಮ್ಮನಾಗುವುದಿಲ್ಲ. ಅವುಗಳಲ್ಲಿ ಕನಿಷ್ಠ ಶೇ. 75 ತುಂಬಿರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳಾದರೂ ಸಿಗಬೇಕು, ಆಸ್ಪತ್ರೆ 15ರಿಂದ 30 ಕಿ.ಮೀ. ಒಳಗಿರಬೇಕು ಅನ್ನುತ್ತದೆ. ಏಳು ಪುಸ್ತಿಕೆಗಳೂ ಮೊದಲ ಅಂಕಿಯನ್ನು ಹೇಳಿ ಉಳಿದವನ್ನು ಬಿಟ್ಟಿವೆ.

ಹೋಗಿ ನೋಡಿದೆವು. ನಗರದ ಹೊರವಲಯದ ಒಂದು ಕಾಲೇಜಿನ ಸ್ವಂತ ಆಸ್ಪತ್ರೆ. ಎರಡನೇ ಮಹಡಿಯ ವಾರ್ಡಿನಲ್ಲಿ ಮೂವತ್ತು ಮಂಚ, ಇಸ್ತ್ರಿಯ ಮಡಿಕೆ ಬಿಡದ ನೀಲಿ ಬೆಡ್‌ಶೀಟುಗಳು, ಇಬ್ಬರು ರೋಗಿಗಳು. ಕಾಲ್ದೆಸೆಯಲ್ಲಿ ನೇತುಹಾಕಿದ ಜ್ವರ, ನಾಡಿ ಬರೆಯುವ ಚಾರ್ಟುಗಳಲ್ಲಿ ಅಚ್ಚಾದ ಗೆರೆ ಬಿಟ್ಟರೆ ಏನೂ ಇರಲಿಲ್ಲ. "ಇವತ್ಯಾಕೋ ಕಮ್ಮಿ ಮೇಡಂ, ಫುಲ್ ಇರುತ್ತೆ ಸಾಮಾನ್ಯವಾಗಿ" ಅಂದರು ಜೊತೆಗೆ ಬಂದ ಆಡಳಿತಾಧಿಕಾರಿ. ನಾನು ವಾದಕ್ಕಿಳಿಯುವವಳಿದ್ದೆ. ತಂಗಿ ತಡೆದು ಮೆಲ್ಲಗೆ ಕೇಳಿದಳು: "ಸರ್, ಹೆರಿಗೆ ರಿಜಿಸ್ಟರ್ ತೋರಿಸೋದು ಬೇಡ, ಯಾರ ಹೆಸರೂ ಬೇಡ. ಜನವರಿಯಿಂದ ಇವತ್ತಿನವರೆಗೆ ಕೊನೇ ಸೀರಿಯಲ್ ನಂಬರ್ ಎಷ್ಟು ಅಂತ ಹೇಳಿದ್ರೆ ಸಾಕು." ಅವರು ಫೋನ್ ಮಾಡಿ ಕೇಳಿ ಹೇಳಿದರು. 41. ಆಗ ಮೇ ಕೊನೆಯ ವಾರ.

ಹತ್ತು ವರ್ಷ ಲೆಕ್ಕ ಬರೆದ ಕೈ ಅದು. ಬಸ್ಸಿನಲ್ಲಿ ಕೂತು ಲೆಕ್ಕ ಮಾಡಿದಳು. ಜಿಎನ್‌ಎಂ ವಿದ್ಯಾರ್ಥಿಯ ಪ್ರಸೂತಿ ಕೇಸ್‌ಬುಕ್‌ನಲ್ಲಿ 30 ಬಸುರಿಯರ ತಪಾಸಣೆ, ತಾನೇ ಮಾಡಿಸಿದ 20 ನಾರ್ಮಲ್ ಹೆರಿಗೆ, 20 ಬಾಣಂತಿಯರ ಆರೈಕೆ ಇರಬೇಕು. ಒಂದು ಬ್ಯಾಚಿನಲ್ಲಿ 40 ಜನ ಇದ್ದರೆ ವರ್ಷಕ್ಕೆ 800 ನಾರ್ಮಲ್ ಹೆರಿಗೆ ಆಗಬೇಕು. ಆ ಆಸ್ಪತ್ರೆಯಲ್ಲಿ ಆಗುವುದು ಸುಮಾರು ನೂರು, ಸಿಸೇರಿಯನ್ ಕೂಡಿಸಿ. 20ನ್ನು 10ಕ್ಕೆ ಇಳಿಸಿ ನೋಡಿದಳು, ಆಗಲೂ 400 ಬೇಕು. ಮಿಕ್ಕವು ಎಲ್ಲಿ ಆಗುತ್ತವೆ ಎಂಬುದನ್ನು ಅದೇ ಕಾಲೇಜಿನ ಹುಡುಗಿಯೊಬ್ಬಳು ಬಸ್‌ಸ್ಟಾಪಿನಲ್ಲೇ ಹೇಳಿದ್ದಳು: "ಸೀನಿಯರ್ಸ್ ಬುಕ್ ನೋಡ್ಕೊಂಡು ಬರೀತೀವಿ ಅಕ್ಕ. ಹೆಸರು, ಮಗು ತೂಕ ಬದಲಾಯಿಸ್ತೀವಿ."

ಆ ಹುಡುಗಿಯನ್ನು ನಾನು ದೂರುವುದಿಲ್ಲ. ಆದರೆ ಅವಳು ನಕಲು ಮಾಡಿದ ಪುಟದಲ್ಲಿ ಏನು ಕಳೆದುಹೋಯಿತು ಎಂಬುದನ್ನು ನೋಡಬೇಕು. ಮಗುವಿನ ತಲೆ ಬಾಗಿಲಿಗೆ ಬಂದು ನಿಂತಾಗ ತಾಯಿಗೆ "ಈಗ ಮುಕ್ಕಬೇಡಮ್ಮಾ, ಬಾಯಲ್ಲಿ ಉಸಿರು ಬಿಡು" ಎಂದು ಹೇಳುವ ಕ್ಷಣ ಯಾವುದು, ತಲೆ ದಡಕ್ಕನೆ ಹೊರಬಂದು ಹರಿಯದಂತೆ ಅಂಗೈ ಎಷ್ಟು ಒತ್ತಿ ಹಿಡಿಯಬೇಕು, ಕಸ ಬಿದ್ದ ಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟಾಗ ಗರ್ಭಕೋಶ ಚೆಂಡಿನಂತೆ ಗಟ್ಟಿ ಸಿಗಬೇಕೋ ಮೆತ್ತಗಿರಬೇಕೋ. ಮೆತ್ತಗಿದ್ದರೆ ರಕ್ತ ಹೋಗುತ್ತಿರುತ್ತದೆ, ತಾಯಿ ಕಣ್ಣೆದುರೇ ಬಿಳಿಚಿಕೊಳ್ಳುತ್ತಾಳೆ. ಪುಸ್ತಕದಲ್ಲಿ ಇದೆಲ್ಲ ಇದೆ. ಕೈಗೆ ಬರಬೇಕಾದರೆ ಇಪ್ಪತ್ತು ಸಲ ಅಲ್ಲೇ ನಿಂತಿರಬೇಕು.

ಇಲ್ಲಿ ವೃತ್ತಿ ಮಾರ್ಗದರ್ಶಕರ ಜೊತೆ ನನ್ನ ತಕರಾರಿದೆ. "ಮೊದಲು ಮಾನ್ಯತೆ ನೋಡಿ" ಎಂದು ಶುರುಮಾಡಿ ಅಲ್ಲಿಗೇ ಮುಗಿಸುತ್ತಾರೆ. ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗದ ಓದು ಓದೇ ಅಲ್ಲ, ಒಪ್ಪಿದೆ. ಆದರೆ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಅಧಿಕಾರ ಭಾರತೀಯ ಪರಿಷತ್ತಿಗೆ ಇಲ್ಲವೆಂದು ಕರ್ನಾಟಕ ಹೈಕೋರ್ಟ್ 2017ರಲ್ಲಿ ಹೇಳಿದ ಮೇಲೂ ಆ ಪರಿಷತ್ತಿನ ಕಾಲೇಜುಗಳ ಪಟ್ಟಿಯನ್ನೇ ಗುಣಮಟ್ಟದ ಮುದ್ರೆ ಎಂದು ತೋರಿಸುವುದು ಏಕೆ? ಮಾನ್ಯತೆ ಇದ್ದರೆ ಸರ್ಟಿಫಿಕೇಟು ನಡೆಯುತ್ತದೆ, ಅಷ್ಟೇ. ನಾವು ನೋಡಿದ ಖಾಲಿ ವಾರ್ಡಿನ ಕಾಲೇಜಿಗೂ ಮಾನ್ಯತೆ ಇತ್ತು. ಸ್ವಾಗತ ಕೋಣೆಯಲ್ಲಿ ಚೌಕಟ್ಟು ಹಾಕಿ ತೂಗುಬಿಟ್ಟಿದ್ದರು.

ಇನ್ನೊಂದು ಜಗಳ ಇದಕ್ಕಿಂತ ದೊಡ್ಡದು, ಏಕೆಂದರೆ ಎದುರಿಗಿರುವವರು ನನಗೆ ಬೇಕಾದವರು. ವಯಸ್ಸಾದ ಮೇಲೆ ಓದಲು ಬಂದವರನ್ನು ಕಂಡರೆ ಏಜೆಂಟರು ತಕ್ಷಣ ದನಿ ತಗ್ಗಿಸಿ, "ನಾನ್ ಅಟೆಂಡಿಂಗ್ ಮಾಡಿಕೊಡ್ತೀವಿ ಮೇಡಂ, ಪರೀಕ್ಷೆಗೆ ಬಂದರೆ ಸಾಕು" ಅನ್ನುತ್ತಾರೆ. ತಂಗಿಗೆ ನಾಲ್ಕು ಕಡೆ ಈ ಮಾತು ಬಂತು. ಇದನ್ನು ನಾನು ಮೋಸ ಅಂದಾಗ ಸ್ತ್ರೀವಾದಿ ಗೆಳತಿಯೊಬ್ಬರು ಸಿಟ್ಟಾದರು. ಹಾಸ್ಟೆಲಿನ ಮದುವೆಯಾಗದ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಮಾಡಿದ ಹಾಜರಾತಿ ನಿಯಮ ಸಂಸಾರಸ್ಥೆಯನ್ನು ಹೊರಗಿಡುತ್ತದೆ, ಬಾಗಿಲು ಮುಚ್ಚಿದಾಗ ಹೆಂಗಸರು ಕಿಟಕಿ ಹುಡುಕಿದರೆ ತಪ್ಪೇನು ಎಂಬುದು ಅವರ ವಾದ.

ಬಾಗಿಲು ಮುಚ್ಚಿದೆ ಎಂಬುದರಲ್ಲಿ ಅವರ ಮಾತು ನೂರಕ್ಕೆ ನೂರು ನಿಜ. ಮಗುವಿರುವ ತಾಯಿಗೆ ಹಾಸ್ಟೆಲ್ ಕಡ್ಡಾಯ ಮಾಡುವುದು ಕ್ರೌರ್ಯ. ಕಲಿಯುವ ಕಾಲಕ್ಕೆ ಹೊಟ್ಟೆಪಾಡಿಗಾಗುವಷ್ಟು ಸ್ಟೈಪೆಂಡ್ ಬೇಕು, ಶಿಶುವಿಹಾರ ಬೇಕು, ಪಾಳಿ ಆರಿಸಿಕೊಳ್ಳುವ ಅವಕಾಶ ಬೇಕು. ಇವುಗಳಿಗಾಗಿ ಗೆಳತಿ ಬೀದಿಗಿಳಿದರೆ ನಾನೂ ಇಳಿಯುತ್ತೇನೆ. ಆದರೆ ಅವರು ಕಿಟಕಿ ಎಂದು ಕರೆದದ್ದು ವಾರ್ಡಿನೊಳಗೆ ತೆರೆಯುವುದಿಲ್ಲ. ಪಾಠಕ್ಕೆ ಶೇ. 80 ಹಾಜರಾತಿ ಇಟ್ಟ ನಿಯಮವೇ ಪ್ರಾಯೋಗಿಕ ಕೆಲಸಕ್ಕೆ ಬಂದಾಗ ಸರ್ಟಿಫಿಕೇಟು ಕೊಡುವ ಮೊದಲು ನೂರಕ್ಕೆ ನೂರು ಆಗಿರಬೇಕು ಅನ್ನುತ್ತದೆ. ಪಾಠ ತಪ್ಪಿದರೆ ಓದಿ ತುಂಬಿಕೊಳ್ಳಬಹುದು, ರೋಗಿಯನ್ನು ತಪ್ಪಿಸಿದರೆ ತುಂಬಿಕೊಳ್ಳಲು ಬರುವುದಿಲ್ಲ ಎಂಬ ತಿಳಿವಳಿಕೆ ಆ ವ್ಯತ್ಯಾಸದಲ್ಲಿದೆ. ವಯಸ್ಸಾದವಳು ಎಂಬ ಕರುಣೆಯಿಂದ ಅವಳಿಗೆ ಕಲಿಯದಿರುವ ಸೌಲಭ್ಯ ಕೊಡುವುದು ಅವಳನ್ನೂ, ಮುಂದೆ ಅವಳ ಕೈಗೆ ಬರುವ ರೋಗಿಯನ್ನೂ ಕೀಳಾಗಿ ಕಂಡಂತೆ. ಮೂರನೇ ವರ್ಷ ಮುಗಿಸಿ ಡ್ಯೂಟಿಗೆ ನಿಂತ ದಿನ ಅವಳ ಪಕ್ಕದಲ್ಲಿ ಆ ಏಜೆಂಟ್ ಇರುವುದಿಲ್ಲ.

ಫ್ಲಾರೆನ್ಸ್ ನೈಟಿಂಗೇಲ್ ಹೆಸರನ್ನು ಸೇವೆ, ತ್ಯಾಗ ಎಂದು ಎಲ್ಲ ಪುಸ್ತಿಕೆಗಳೂ ಎಳೆದು ತರುತ್ತವೆ. ಮನೆಯವರನ್ನು ಎದುರು ಹಾಕಿಕೊಂಡು 1851ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ಗೆ ಶುಶ್ರೂಷೆ ಕಲಿಯಲು ಹೋದಾಗ ಅವರಿಗೂ 31 ವರ್ಷ ಎಂಬುದನ್ನು ಯಾವುದೂ ಹೇಳುವುದಿಲ್ಲ. ಅಲ್ಲಿದ್ದದ್ದು ಸುಮಾರು ಮೂರು ತಿಂಗಳು. ಅಲ್ಲಿಯ ಜನರ ನಿಷ್ಠೆಯನ್ನು ಮೆಚ್ಚಿಕೊಂಡ ಅವರೇ ಮುಪ್ಪಿನಲ್ಲಿ ಆ ಜಾಗದ ಆಸ್ಪತ್ರೆಯೇ ಅದರ ಅತಿ ದುರ್ಬಲ ಭಾಗವಾಗಿತ್ತು ಎಂದು ಬರೆದಿಟ್ಟರು. 1860ರಲ್ಲಿ ಅವರ ಹೆಸರಿನ ನಿಧಿಯಿಂದ ಲಂಡನ್ನಿನಲ್ಲಿ ಶಾಲೆ ಶುರುವಾದದ್ದು ಸೇಂಟ್ ಥಾಮಸ್ ಆಸ್ಪತ್ರೆಯ ಒಳಗೆ.

ನಮ್ಮ ಪುಸ್ತಿಕೆಗಳ ಸಾವಿರ ಹಾಸಿಗೆಗಳನ್ನು ಬಿಡಿಸಿ ನೋಡಿದರೆ ಅವುಗಳಲ್ಲಿ ಬಹುಪಾಲು ಸರ್ಕಾರದವು. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ವೆನ್ಲಾಕ್, ಲೇಡಿ ಗೋಷನ್, ಆಯಾ ಜಿಲ್ಲೆಯ ದೊಡ್ಡಾಸ್ಪತ್ರೆ. ಬಡವರು ಬಂದು ಮಲಗುವ ಹಾಸಿಗೆಗಳನ್ನು ತೋರಿಸಿಯೇ ಖಾಸಗಿ ಕಾಲೇಜು ಲಕ್ಷಗಳಲ್ಲಿ ಶುಲ್ಕ ಕೇಳುತ್ತದೆ. ಅದೇ ಆಸ್ಪತ್ರೆಯ ಕಾಂಪೌಂಡಿನಲ್ಲಿರುವ ಸರ್ಕಾರಿ ನರ್ಸಿಂಗ್ ಶಾಲೆಯ ಹೆಸರನ್ನು ಮಾರ್ಗದರ್ಶಕರು ಎತ್ತುವುದಿಲ್ಲ. ಅದಕ್ಕೆ ಹೊಳಪಿನ ಪುಸ್ತಿಕೆ ಇಲ್ಲ, ಗೋಡೆಯಲ್ಲಿ ಪಾಚಿ ಇದೆ. ಟ್ಯೂಟರ್ ಹುದ್ದೆಗಳು ಖಾಲಿ ಬಿದ್ದಿರುತ್ತವೆ, ಒಂದು ಮಂಚದ ಸುತ್ತ ಮೂರು ಬಣ್ಣದ ಯೂನಿಫಾರಂ ನಿಂತಿರುತ್ತದೆ, ಅದೂ ಸುಳ್ಳಲ್ಲ. ಆದರೂ ಕಲಿಯುವವರಿಗೆ ಜಾಗ ಅದೇ. ಕರ್ನಾಟಕದ ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್, ಸರ್ಕಾರಿಯಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಾರ್ಮಲ್ ಹೆರಿಗೆ ಕಲಿಯಬೇಕಾದವಳು ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೊನೆಗೆ ನಾವು ಹೋದದ್ದು ಒಂದು ಜಿಲ್ಲಾಸ್ಪತ್ರೆಗೆ. ಸಂಜೆ ಏಳು ದಾಟಿತ್ತು. ಹೆರಿಗೆ ವಾರ್ಡಿನ ಹೊರಗೆ ಬಾಣಂತಿಯರ ಕಡೆಯವರು ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂತಿದ್ದರು. ಬಾಗಿಲಿಗೆ ಬಂದ ಸಿಸ್ಟರ್ ಹತ್ತಿರ ತಂಗಿ ಅದೇ ಪ್ರಶ್ನೆ ಕೇಳಿದಳು. ಅವರು ಒಳಗೆ ಹೋಗಿ ರಿಜಿಸ್ಟರಿನ ಪುಟ ತಿರುಗಿಸಿ ಬಂದರು. "2,316. ಈಗ ಒಳಗೆ ಎರಡಿವೆ, ರಾತ್ರಿ ಹೊತ್ತಿಗೆ ಇನ್ನೂ ಆಗುತ್ತೆ."

ತಂಗಿ ನೋಟ್‌ಬುಕ್ ತೆಗೆದು 41ರ ಪಕ್ಕದ ಕಾಲಂನಲ್ಲಿ ಅದನ್ನು ಬರೆದಳು. ಆಮೇಲೆ ಕೇಳಿದಳು: "ಸ್ಟೂಡೆಂಟ್ಸ್‌ಗೂ ನೈಟ್ ಡ್ಯೂಟಿ ಹಾಕ್ತೀರಾ, ಸಿಸ್ಟರ್?"

"ಹಾಕದೇ ಇರ್ತೀವಾ? ಯಾಕಮ್ಮ, ನಿನ್ನ ಮಗಳನ್ನ ಸೇರಿಸ್ಬೇಕಾ?"

"ಇಲ್ಲ ಸಿಸ್ಟರ್, ನನಗೇ."

ಸಿಸ್ಟರ್ ಅವಳನ್ನು ಒಂದು ಸಲ ಪೂರ್ತಿ ನೋಡಿದರು. ಅಪ್ಲಿಕೇಶನ್ ಕೊಡುವ ಆಫೀಸು ಹಿಂದಿನ ಕಟ್ಟಡದಲ್ಲಿದೆ, ಬೆಳಿಗ್ಗೆ ಹತ್ತಕ್ಕೆ ಬಾ ಅಂದರು.