ಆಪ್ತತೆಯ ಪರೀಕ್ಷೆ: ವಯಸ್ಕರು ಮನೋಚಿಕಿತ್ಸಕರನ್ನು ಆರಿಸಿಕೊಳ್ಳುವ ಬಗೆ

ಖಿನ್ನತೆ, ಆತಂಕ, ಮುರಿದ ದಾಂಪತ್ಯ, ವರ್ಷಗಳಾದರೂ ಮಾಗದ ದುಃಖ ಇವುಗಳಲ್ಲಿ ಯಾವುದರಿಂದಲೋ ಬಳಲಿ ನೆರವು ಹುಡುಕುವ ವಯಸ್ಕರು ಚಿಕಿತ್ಸಕರ ಪದವಿಯನ್ನೂ ಪದ್ಧತಿಯನ್ನೂ ವಿಚಾರಿಸುವ ಮೊದಲು ಅವರು ಸಮಾಧಾನವಾಗಿ ಕೇಳುವವರೇ, ಹಂಗಿಸದೆ ಜೊತೆಗೆ ನಿಲ್ಲುವವರೇ ಎಂದು ಕೇಳುತ್ತಾರೆ. ಮನೋಚಿಕಿತ್ಸೆಯನ್ನು, ಎಂದರೆ ತರಬೇತಿ ಪಡೆದವರು ಮಾತುಕತೆಯನ್ನೇ ಸಾಧನವಾಗಿಸಿಕೊಂಡು ನಿಗದಿತ ಭೇಟಿಗಳಲ್ಲಿ ನಡೆಸುವ ಚಿಕಿತ್ಸೆಯನ್ನು, ಕೇವಲ ತಂತ್ರಗಳ ಸಮೂಹವಾಗಿ ಕಾಣುವವರಿಗೆ ಈ ಪ್ರಶ್ನೆ ಗೌಣವೆನಿಸಬಹುದು. ಆದರೆ ಕಳೆದ ಆರೇಳು ದಶಕಗಳ ಚಿಂತನೆಯನ್ನು ಪರಿಶೀಲಿಸಿದರೆ ಈ ಬಯಕೆ ನ್ಯಾಯವಾದದ್ದೆಂದೂ, ಅದನ್ನು ಈಡೇರಿಸಿಕೊಳ್ಳಲು ಕರ್ನಾಟಕದಲ್ಲಿ ರೂಢಿಗೆ ಬಂದಿರುವ ಹುಡುಕಾಟದ ಕ್ರಮದಲ್ಲಿಯೇ ದೋಷವಿದೆಯೆಂದೂ ಕಂಡುಬರುತ್ತದೆ.

ಚಿಕಿತ್ಸಕರ ಆಪ್ತತೆಗೆ ಸಿದ್ಧಾಂತದ ಸ್ಥಾನ ಕೊಟ್ಟವರಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ರೋಜರ್ಸ್ ಪ್ರಮುಖರು. 1957ರ ಪ್ರಬಂಧವೊಂದರಲ್ಲಿ ಅವರು, ವ್ಯಕ್ತಿತ್ವದಲ್ಲಿ ಬದಲಾವಣೆ ಬರಬೇಕಾದರೆ ಆರು ಷರತ್ತುಗಳು ಪೂರೈಕೆಯಾಗಬೇಕೆಂದೂ ಅಷ್ಟೇ ಸಾಕೆಂದೂ ವಾದಿಸಿದರು. ಅವುಗಳಲ್ಲಿ ಮೂರು ಚಿಕಿತ್ಸಕರಿಗೆ ನೇರವಾಗಿ ಸಂಬಂಧಿಸಿದವು: ಒಳಗೊಂದು ಹೊರಗೊಂದು ಇಲ್ಲದ ನಡೆ, ಎದುರಿನವರು ಒಳ್ಳೆಯವರಾಗಿ ತೋರಿದಾಗ ಮಾತ್ರವಲ್ಲದೆ ಎಲ್ಲ ಸ್ಥಿತಿಯಲ್ಲೂ ಅವರನ್ನು ಗೌರವದಿಂದ ಕಾಣುವ ನಿಶ್ಶರ್ತ ಆದರ, ಅವರ ಅನುಭವವನ್ನು ಅವರ ನೆಲೆಯಿಂದಲೇ ಗ್ರಹಿಸುವ ಪರಾನುಭೂತಿ. ‘ಅಷ್ಟೇ ಸಾಕು’ ಎಂಬ ಅರ್ಧ ಮುಂದಿನ ಕಾಲದಲ್ಲಿ ಉಳಿಯಲಿಲ್ಲ. ಕೈ ತೊಳೆದಷ್ಟೂ ತೃಪ್ತಿಯಾಗದ ಗೀಳುರೋಗಿಗೆ ಚಿಕಿತ್ಸಕರು ಎಷ್ಟೇ ಅಕ್ಕರೆ ತೋರಿಸಿದರೂ, ಭಯಪಡಿಸುವ ಸನ್ನಿವೇಶಕ್ಕೆ ಹಂತಹಂತವಾಗಿ ಒಡ್ಡಿ ತೊಳೆಯುವುದನ್ನು ತಡೆಹಿಡಿಯುವ ಅಭ್ಯಾಸವನ್ನು ಮಾಡಿಸದಿದ್ದರೆ ಹೆಚ್ಚಿನ ಫಲ ಸಿಗುವುದಿಲ್ಲ. ‘ಬೇಕೇ ಬೇಕು’ ಎಂಬ ಅರ್ಧ ಮಾತ್ರ ಬಹುಮಟ್ಟಿಗೆ ಊರ್ಜಿತವಾಗಿ ಉಳಿಯಿತು. ಮನೋವಿಜ್ಞಾನಿ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಅದಕ್ಕೆ ಇನ್ನಷ್ಟು ಖಚಿತವಾದ ರೂಪ ಕೊಟ್ಟು, ಚಿಕಿತ್ಸಾ ಸಖ್ಯವೆಂದರೆ ಗುರಿಯ ಬಗ್ಗೆ ಒಮ್ಮತ, ಮಾಡಬೇಕಾದ ಕೆಲಸಗಳ ಬಗ್ಗೆ ಒಮ್ಮತ ಮತ್ತು ಇಬ್ಬರ ನಡುವಿನ ಬಾಂಧವ್ಯ ಈ ಮೂರೂ ಸೇರಿದ್ದೆಂದು ವಿವರಿಸಿದರು. 295 ಅಧ್ಯಯನಗಳನ್ನೂ ಮೂವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನೂ ಒಳಗೊಂಡು 2018ರಲ್ಲಿ ಪ್ರಕಟವಾದ ಸಮಗ್ರ ವಿಶ್ಲೇಷಣೆಯಲ್ಲಿ ಈ ಸಖ್ಯಕ್ಕೂ ಚಿಕಿತ್ಸೆಯ ಫಲಕ್ಕೂ ಇರುವ ಸಹಸಂಬಂಧ ಸುಮಾರು 0.28 ಎಂದು ಕಂಡುಬಂದಿತು. ಅಂಕೆಯಾಗಿ ಇದು ಸಾಧಾರಣ; ಆದರೆ ಚಿಕಿತ್ಸೆಯ ಪಂಥ ಯಾವುದೇ ಇರಲಿ ಇಷ್ಟು ಸ್ಥಿರವಾಗಿ ಕಾಣಿಸಿಕೊಳ್ಳುವ ಅಂಶಗಳು ತೀರ ಕಡಿಮೆ. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಮನಸ್ಸಿನ ಕಾಯಿಲೆಗಳ ಜೊತೆಗೆ ಬಹುತೇಕ ಯಾವಾಗಲೂ ನಾಚಿಕೆ ಅಂಟಿಕೊಂಡಿರುತ್ತದೆ. ಹೇಳಲೇಬೇಕಾದ ವಿಷಯವೇ ಹೇಳಲು ಅತ್ಯಂತ ಕಷ್ಟವಾದದ್ದಾಗಿರುತ್ತದೆ. ಅದು ಬಾಯಿಗೆ ಬಾರದಿದ್ದರೆ ಎಂಥ ನುರಿತ ತಂತ್ರವೂ ತಪ್ಪು ಗುರಿಯ ಮೇಲೆ ಬೀಳುತ್ತದೆ.

ಭಾರತೀಯ ವಯಸ್ಕರು ಬಯಸುವ ಆಪ್ತತೆ ರೋಜರ್ಸ್ ಹೇಳಿದ್ದೇ ಹೌದೇ ಎಂಬ ಪ್ರಶ್ನೆಯನ್ನು ಎತ್ತಿದ ಮಹತ್ವದ ಬರಹ ಹುಟ್ಟಿದ್ದು ಬೆಂಗಳೂರಿನಲ್ಲಿಯೇ. ಮುಂದೆ 1974ರಲ್ಲಿ ನಿಮ್ಹಾನ್ಸ್ ಆಗಿ ರೂಪುಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್. ಸಿ. ಸೂರ್ಯ ಅವರು ಎಸ್. ಎಸ್. ಜಯರಾಂ ಅವರೊಡನೆ 1964ರಲ್ಲಿ ಬರೆದ ಪ್ರಬಂಧದ ಪ್ರಕಾರ, ಭಾರತೀಯ ರೋಗಿಗಳು ಮನದಾಳದ ಕಾರಣಗಳ ಶೋಧಕ್ಕಿಂತ ಪ್ರತ್ಯಕ್ಷವಾದ ಆಸರೆಯನ್ನು ಹೆಚ್ಚು ಒಪ್ಪಿಕೊಳ್ಳುತ್ತಾರೆ, ಚಿಕಿತ್ಸಕರನ್ನು ನೇರವಾದ ನಂಟಿನೊಳಗೆ ಎಳೆದುಕೊಳ್ಳುತ್ತಾರೆ, ಮತ್ತು ಅವರು ನಿರೀಕ್ಷಿಸುವ ಆಸರೆ ಅವಿಭಕ್ತ ಕುಟುಂಬದ ಹಿರಿಯರು ಕೊಡುವ ಆಸರೆಯನ್ನು ಹೋಲುತ್ತದೆ. 1973ರಲ್ಲಿ ಮನೋವೈದ್ಯ ಜೆ. ಎಸ್. ನೇಕಿ ಅವರು ಗುರುಶಿಷ್ಯ ಸಂಬಂಧವೇ ಭಾರತೀಯ ಮನೋಚಿಕಿತ್ಸೆಗೆ ಮಾದರಿಯಾಗಬಹುದೆಂಬ ವಿಚಾರವನ್ನು ಮುಂದಿಟ್ಟರು. ಪಾಶ್ಚಾತ್ಯ ಕೊಠಡಿಯ ನಿಯಮಗಳನ್ನು ಯಥಾವತ್ತಾಗಿ ಎತ್ತಿ ತಂದು ಇಲ್ಲಿನ ರೋಗಿಯನ್ನು ‘ಪರಾವಲಂಬಿ’ ಎಂದು ತಳ್ಳಿಹಾಕುವ ಧೋರಣೆಗೆ ಈ ಬರಹಗಳು ಕೊಟ್ಟ ಉತ್ತರ ಇಂದಿಗೂ ಬೆಲೆಯುಳ್ಳದ್ದು. ಮನೆಯವರನ್ನು ಚಿಕಿತ್ಸೆಯೊಳಕ್ಕೆ ಕರೆದುಕೊಂಡದ್ದು, ಅಗತ್ಯವಿದ್ದಾಗ ಚಿಕಿತ್ಸಕರು ಸ್ಪಷ್ಟವಾದ ಸಲಹೆ ಕೊಡುವುದನ್ನು ಅಪರಾಧವೆಂದು ಭಾವಿಸದಿದ್ದದ್ದು ಭಾರತೀಯ ಮನೋವೈದ್ಯದ ನಿಜವಾದ ಗಳಿಕೆಗಳು.

ಆದರೂ ಹಿರಿಯರ ಮಾದರಿಯನ್ನು ಪೂರ್ತಿಯಾಗಿ ಒಪ್ಪುವುದು ಸಾಧ್ಯವಿಲ್ಲ. ಹಿರಿಯರ ವಾತ್ಸಲ್ಯಕ್ಕೆ ಷರತ್ತಿರುತ್ತದೆ, ಆಸರೆಯ ಜೊತೆಗೇ ತೀರ್ಪು ಹೇಳುವ ಹಕ್ಕೂ ಅವರಿಗೆ ಸೇರುತ್ತದೆ. ನೊಂದು ಬಂದವರು ಅನೇಕ ಸಲ ಓಡಿಬಂದಿರುವುದು ಆ ತೀರ್ಪಿನಿಂದಲೇ. ಹೊಡೆತ ತಾಳಲಾರದೆ ಬಂದ ಹೆಂಗಸಿಗೆ ತಾಯಿಯ ದನಿಯಲ್ಲಿ ‘ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎನ್ನುವ ಆಪ್ತಸಮಾಲೋಚಕಿ, ಸಲಿಂಗಪ್ರೇಮಿಯಾದ ಯುವಕನಿಗೆ ಬೆನ್ನು ಸವರಿ ‘ಮದುವೆಯಾದರೆ ಸರಿಹೋಗುತ್ತದೆ’ ಎನ್ನುವ ವೈದ್ಯ, ಜಾತಿ ಮೀರಿ ಪ್ರೀತಿಸಿದವರಿಗೆ ತಂದೆತಾಯಿಯ ನೋವನ್ನಷ್ಟೇ ನೆನಪಿಸುವ ಹಿತೈಷಿ, ಇವರೆಲ್ಲರೂ ಅಂತಃಕರಣವುಳ್ಳವರೇ ಆಗಿರಬಹುದು. ಚಿಕಿತ್ಸಕರಾಗಿ ಮಾತ್ರ ಅವರು ಹಾನಿಮಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಮೂರನೆಯ ಸೆಕ್ಷನ್, ಸಮುದಾಯದಲ್ಲಿ ಚಾಲ್ತಿಯಲ್ಲಿರುವ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಮೌಲ್ಯಗಳಿಗೆ ಅಥವಾ ಧಾರ್ಮಿಕ ನಂಬಿಕೆಗಳಿಗೆ ಒಬ್ಬ ವ್ಯಕ್ತಿ ಹೊಂದಿಕೊಳ್ಳದಿರುವುದನ್ನು ಆಧಾರವಾಗಿಟ್ಟುಕೊಂಡು ಆತನಿಗೆ ಮನೋರೋಗವಿದೆಯೆಂದು ನಿರ್ಧರಿಸಕೂಡದೆಂದು ವಿಧಿಸಿದೆ. 2018ರಲ್ಲಿ ಭಾರತೀಯ ಮನೋವೈದ್ಯಕೀಯ ಸಂಘವು ಸಲಿಂಗಪ್ರೇಮ ಕಾಯಿಲೆಯಲ್ಲವೆಂದು ಬಹಿರಂಗವಾಗಿ ಹೇಳಿತು. ಆಪ್ತತೆಯನ್ನು ಅಳೆಯುವಾಗ ಆಸರೆಗೂ ತೀರ್ಪಿಗೂ ನಡುವಿನ ಈ ಗೆರೆಯನ್ನು ಮರೆಯುವಂತಿಲ್ಲ: ರೋಜರ್ಸ್ ಅವರ ನಿಶ್ಶರ್ತ ಆದರ ಇಲ್ಲಿನ ಹಿರಿಯರ ಪ್ರೀತಿಯನ್ನು ತಿದ್ದಬೇಕು, ಸೂರ್ಯ ಅವರ ಅವಲೋಕನ ಪಾಶ್ಚಾತ್ಯ ಕೊಠಡಿಯ ದೂರವನ್ನು ತಗ್ಗಿಸಬೇಕು.

ಈಗ ಹುಡುಕಾಟದ ರೂಢಿಗೆ ಬರಬಹುದು. ನಂಟರಿಷ್ಟರ ಶಿಫಾರಸು, ಪರಿಚಿತ ವೈದ್ಯರ ಮಾತು, ಅಂತರ್ಜಾಲದ ಪರಿಚಯಪುಟ ಇವೇ ಮುಖ್ಯ ದಾರಿಗಳು. ಪರಿಚಯಪುಟಗಳಲ್ಲಿ ಎಲ್ಲರೂ ಸಹೃದಯರು, ಎಲ್ಲರದೂ ಸುರಕ್ಷಿತ ಕೊಠಡಿ. ಒಬ್ಬರಿಂದ ಇನ್ನೊಬ್ಬರನ್ನು ಬೇರ್ಪಡಿಸಲು ಆ ವಿಶೇಷಣಗಳಿಂದ ಪ್ರಯೋಜನವಾಗದು. ಪರಿಶೀಲಿಸಬಹುದಾದದ್ದು ಅರ್ಹತೆಯೊಂದೇ, ಮತ್ತು ಅದನ್ನು ಹೆಚ್ಚಿನವರು ಪರಿಶೀಲಿಸುವುದಿಲ್ಲ. ಮನೋವೈದ್ಯರು ವೈದ್ಯಪದವಿಯ ಮೇಲೆ ಮನೋವೈದ್ಯಶಾಸ್ತ್ರ ಓದಿ ಔಷಧಿ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟರು 1992ರ ಕಾಯಿದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕಾದವರು. ಆಪ್ತಸಮಾಲೋಚಕರ ತರಬೇತಿಯಾದರೋ ಕೆಲವು ವಾರಗಳ ಪ್ರಮಾಣಪತ್ರದಿಂದ ಹಿಡಿದು ವರ್ಷಗಳ ಸ್ನಾತಕೋತ್ತರ ಅಧ್ಯಯನದವರೆಗೆ ಏನೂ ಆಗಿರಬಹುದು. ಈ ಕ್ಷೇತ್ರಕ್ಕೆ ಒಂದು ಚೌಕಟ್ಟು ಹಾಕುವ ಪ್ರಯತ್ನ 2021ರ ಆರೋಗ್ಯ ಸಹಾಯಕ ವೃತ್ತಿಗಳ ಕಾಯಿದೆಯಿಂದಷ್ಟೇ ಮೊದಲಾಗಿದೆ. ನೋಂದಣಿಯ ಸಂಖ್ಯೆ ಕೇಳಿದರೆ ಬೇಸರಪಟ್ಟುಕೊಳ್ಳುವವರಿಂದ ದೂರವಿರುವುದು ಲೇಸು.

ಆಪ್ತತೆ ಕಣ್ಣಿಗೆ ಬೀಳುವುದು ಮುಖದ ನಗೆಯಲ್ಲಲ್ಲ, ಮೊದಲ ಮೂರು ನಾಲ್ಕು ಭೇಟಿಗಳ ನಡವಳಿಕೆಯಲ್ಲಿ. ಶುಲ್ಕ, ಸಮಯ, ಗೋಪ್ಯತೆಯ ಮಿತಿಗಳನ್ನು ಮೊದಲೇ ಬಿಡಿಸಿ ಹೇಳುವವರು ಎದುರಿನವರನ್ನು ಸ್ವತಂತ್ರ ವ್ಯಕ್ತಿಯೆಂದು ಗೌರವಿಸಿದಂತಾಯಿತು. ಸಾಯಬೇಕೆನಿಸುತ್ತದೆಯೇ ಎಂದು ತಡವರಿಸದೆ, ದನಿ ಏರಿಸದೆ ಕೇಳಬಲ್ಲವರು ಆ ವಿಷಯದ ಭಾರವನ್ನು ತಾವೂ ಹೊರಲು ಸಿದ್ಧರೆಂದು ತೋರಿಸುತ್ತಾರೆ. ಎಲ್ಲಕ್ಕಿಂತ ನಂಬಲರ್ಹವಾದ ಪರೀಕ್ಷೆ ಅಸಮಾಧಾನದ ಗಳಿಗೆಯದು. ಮನೋವಿಜ್ಞಾನಿಗಳಾದ ಜೆರೆಮಿ ಸ್ಯಾಫ್ರನ್ ಮತ್ತು ಕ್ರಿಸ್ಟೋಫರ್ ಮ್ಯೂರನ್ ಅವರು ಚಿಕಿತ್ಸಾ ಸಖ್ಯದಲ್ಲಿ ಮೂಡುವ ಬಿರುಕುಗಳನ್ನೂ ಅವುಗಳ ಸರಿಪಡಿಕೆಯನ್ನೂ ದೀರ್ಘಕಾಲ ಅಧ್ಯಯನ ಮಾಡಿ, ಬಿರುಕು ಸಹಜವೆಂದೂ ಅದನ್ನು ಗುರುತಿಸಿ ಮಾತನಾಡುವುದೇ ಚಿಕಿತ್ಸೆಯ ಫಲವತ್ತಾದ ಭಾಗವಾಗಬಹುದೆಂದೂ ತೋರಿಸಿದರು. ‘ಹೋದ ವಾರ ನೀವು ಹೇಳಿದ್ದು ನನಗೆ ನೋವಾಯಿತು’ ಎಂಬ ಮಾತಿಗೆ ಚಿಕಿತ್ಸಕರು ತಮ್ಮನ್ನು ಸಮರ್ಥಿಸಿಕೊಳ್ಳುತ್ತಾರೋ, ಎದುರಿನವರ ರೋಗಲಕ್ಷಣವೆಂದು ವ್ಯಾಖ್ಯಾನಿಸುತ್ತಾರೋ, ಇಲ್ಲವೇ ಆ ನೋವನ್ನು ವಿವರವಾಗಿ ಕೇಳಿ ತಮ್ಮ ಪಾಲನ್ನು ಒಪ್ಪಿಕೊಳ್ಳುತ್ತಾರೋ ಎಂಬುದರಲ್ಲಿ ಎಲ್ಲವೂ ಬಯಲಾಗುತ್ತದೆ. ಹಿರಿಯರಿಗೆ ಎದುರಾಡಬಾರದೆಂಬ ಶಿಕ್ಷಣದಲ್ಲಿ ಬೆಳೆದವರಿಗೆ ಈ ಮಾತು ಸುಲಭವಾಗಿ ಬಾಯಿಗೆ ಬಾರದು. ಹೀಗಾಗಿ ಅವರು ಏನೂ ಹೇಳದೆ ಬರುವುದನ್ನು ನಿಲ್ಲಿಸಿಬಿಡುತ್ತಾರೆ. ಆ ಅಸಮಾಧಾನವನ್ನು ತಾವೇ ಮುಂದಾಗಿ ಕೇಳುವ ಹೊಣೆ ಚಿಕಿತ್ಸಕರದು.

ಎಲ್ಲದಕ್ಕೂ ತಲೆದೂಗುವ ಮೃದುತ್ವವನ್ನೇ ಆಸರೆಯೆಂದು ತಿಳಿಯುವುದು ಇನ್ನೊಂದು ತಪ್ಪು. ಜನರ ಮುಂದೆ ಹೋಗಲು ಹೆದರುವವರಿಗೆ ‘ಬೇಡವೆನಿಸಿದರೆ ಹೋಗಬೇಡಿ’ ಎಂದು ಪ್ರತಿವಾರವೂ ಸಮಾಧಾನ ಹೇಳಿದರೆ ಭಯ ಬಲಿಯುತ್ತದೆಯೇ ಹೊರತು ಕರಗುವುದಿಲ್ಲ. ಅಂಥ ಭೇಟಿಗಳು ಹಿತವಾಗಿರುತ್ತವೆ, ತಿಂಗಳುಗಟ್ಟಲೆ ಸಾಗುತ್ತವೆ, ಬದುಕು ಅಲ್ಲಿಯೇ ನಿಂತಿರುತ್ತದೆ. ಬೋರ್ಡಿನ್ ಅವರ ಮೂರು ಅಂಶಗಳಲ್ಲಿ ಬಾಂಧವ್ಯವೊಂದನ್ನೇ ಹಿಡಿದು ಗುರಿಯನ್ನೂ ಕೆಲಸವನ್ನೂ ಬಿಟ್ಟ ಸ್ಥಿತಿ ಇದು.

ಆಪ್ತತೆ ಒದಗುವುದಕ್ಕೆ ಭಾಷೆಯೂ ಸಮಯವೂ ಬೇಕು. ಬೆಂಗಳೂರಿನ ಖಾಸಗಿ ಚಿಕಿತ್ಸೆಯ ದೊಡ್ಡ ಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ಕಚೇರಿಯಲ್ಲಿ ಇಂಗ್ಲಿಷ್ ಬಳಸುವವರೂ ಅಪ್ಪನ ಮೇಲಿನ ಸಿಟ್ಟನ್ನು ಮನೆಮಾತಿನಲ್ಲಿಯೇ ಅನುಭವಿಸಿರುತ್ತಾರೆ, ಅದನ್ನು ಇಂಗ್ಲಿಷಿನಲ್ಲಿ ಹೇಳುವಾಗ ವರದಿ ಒಪ್ಪಿಸಿದಂತಾಗುತ್ತದೆ. ಜಿಲ್ಲೆಗಳಲ್ಲಿ ಭಾಷೆ ಸಿಗುತ್ತದೆ, ಸಮಯ ಸಿಗುವುದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗದ ಆಧಾರದ ಮೇಲೆ 1996ರಲ್ಲಿ ಆರಂಭವಾಗಿ ಕ್ರಮೇಣ ದೇಶಕ್ಕೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಔಷಧಿಯನ್ನು ಹಳ್ಳಿಗಳ ಸಮೀಪಕ್ಕೆ ತಂದದ್ದು ದೊಡ್ಡ ಸಾಧನೆ. ಆದರೆ ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಎಷ್ಟೇ ಕರುಣೆಯುಳ್ಳ ವೈದ್ಯರಿಗೂ ಒಬ್ಬರ ಮಾತನ್ನು ಮುಕ್ಕಾಲು ಗಂಟೆ ಕೇಳುವ ಅವಕಾಶವಿರುವುದಿಲ್ಲ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೇರೆ ಬೇರೆ ಕಾಯಿಲೆಗಳ ಚಿಕಿತ್ಸೆಯ ಕೊರತೆ ಶೇ. 70ರಿಂದ 92ರವರೆಗೆ ಇತ್ತು. 2022ರ ಅಕ್ಟೋಬರ್ 10ರಂದು ಆರಂಭವಾದ, 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸೇವೆ ಮೊದಲ ಮಾತಿಗೆ ಬಾಗಿಲು ತೆರೆದಿದೆ. ಒಬ್ಬರೇ ಚಿಕಿತ್ಸಕರೊಡನೆ ತಿಂಗಳುಗಳ ಕಾಲ ಬೆಳೆಯಬೇಕಾದ ಸಖ್ಯಕ್ಕೆ ಅದು ಬದಲಿಯಾಗದು, ಬದಲಿಯಾಗಲೆಂದು ನಿರೀಕ್ಷಿಸುವುದೂ ಸಲ್ಲದು.

ಹೊಂದಾಣಿಕೆಯಾಗದಿದ್ದರೆ ಚಿಕಿತ್ಸಕರನ್ನು ಬದಲಿಸಬೇಕೆಂಬ ಸಲಹೆ ಸರಿಯಾದದ್ದೇ, ಆದರೆ ಅದರ ವೆಚ್ಚವನ್ನು ಸಲಹೆ ಕೊಡುವವರು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ದೈಹಿಕ ಕಾಯಿಲೆಗೆ ಸಮನಾಗಿ ಮಾನಸಿಕ ಕಾಯಿಲೆಗೂ ವಿಮೆ ದೊರೆಯಬೇಕೆಂದು 2017ರ ಕಾಯಿದೆ ಹೇಳಿದ್ದರೂ, ಆರೋಗ್ಯ ವಿಮೆಗಳು ಹೆಚ್ಚಾಗಿ ಆಸ್ಪತ್ರೆಗೆ ದಾಖಲಾಗುವುದನ್ನು ಆಧರಿಸಿರುವುದರಿಂದ ವಾರದ ಭೇಟಿಯ ಹಣ ಬಹುತೇಕ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಹಣಕ್ಕಿಂತಲೂ ದುಬಾರಿಯಾದದ್ದು ಹೇಳಿದ್ದನ್ನೆಲ್ಲ ಅಪರಿಚಿತರೊಬ್ಬರ ಮುಂದೆ ಮೊದಲಿನಿಂದ ಹೇಳಬೇಕಾದ ಯಾತನೆ. ಆದ್ದರಿಂದ ಮೊದಲ ಭೇಟಿಯನ್ನು ಕಡಿಮೆ ಶುಲ್ಕದ ಪರಸ್ಪರ ಪರಿಚಯವೆಂದು ಇಡುವುದು, ಮೂರನೆಯ ಅಥವಾ ನಾಲ್ಕನೆಯ ಭೇಟಿಯಲ್ಲಿ ಮುಂದುವರಿಯಬೇಕೇ ಎಂಬುದನ್ನು ಇಬ್ಬರೂ ಕುಳಿತು ಚರ್ಚಿಸುವುದು, ಬೇಡವೆಂದಾದರೆ ಚಿಕಿತ್ಸಕರೇ ತಕ್ಕ ಇನ್ನೊಬ್ಬರ ಹೆಸರು ಸೂಚಿಸಿ, ಬಂದವರ ಒಪ್ಪಿಗೆ ಪಡೆದು, ಅದುವರೆಗೆ ನಡೆದುದರ ಸಂಕ್ಷಿಪ್ತ ಟಿಪ್ಪಣಿಯೊಂದನ್ನು ಬರೆದುಕೊಡುವುದು ಕನ್ನಡನಾಡಿನ ಪ್ರತಿಯೊಂದು ಚಿಕಿತ್ಸಾ ಕೊಠಡಿಯಲ್ಲೂ ವಾಡಿಕೆಯಾಗಬೇಕು.