ತೀರ್ಪು ಬರೆದವನ ಸರದಿ

ಚರಿತ್ರೆ ಬರೆಯುವವರಿಗೆ ಒಂದು ದೊಡ್ಡ ಅನುಕೂಲವಿದೆ. ಸತ್ತುಹೋದ ರಾಜರ ಮೇಲೆ ಎಷ್ಟು ಬೇಕಾದರೂ ತೀರ್ಪು ಕೊಡಬಹುದು, ಆದರೆ ಆ ರಾಜರ ಕುರ್ಚಿಯಲ್ಲಿ ತಾವೇ ಕೂರಬೇಕಾಗಿಲ್ಲ. ಪೋಲೆಂಡಿನ ಕಾನೂನು ಇತಿಹಾಸಕಾರ ಮಿಹಾವ್ ಬೊಬ್ಜಿನ್ಸ್ಕಿಗೆ (1849–1935) ಈ ಅನುಕೂಲ ಕೊನೆಯತನಕ ಉಳಿಯಲಿಲ್ಲ. ಮೂವತ್ತರ ಹೊಸ್ತಿಲಲ್ಲಿ ಆತ ತನ್ನ ದೇಶ ಏಕೆ ಅಳಿಯಿತು ಎಂದು ಒಂದು ಪುಸ್ತಕ ಬರೆದ. ಅರವತ್ತರ ಹೊಸ್ತಿಲಲ್ಲಿ ಅದೇ ದೇಶದ ಒಂದು ತುಂಡನ್ನು ಆಳುವ ಹೊಣೆ ಅವನ ಹೆಗಲೇರಿತು. ಪುಸ್ತಕ ಮತ್ತು ಆಳ್ವಿಕೆ ಇವೆರಡನ್ನೂ ಎದುರುಬದುರು ಇಟ್ಟು ಓದದೆ ಈ ಮನುಷ್ಯನ ಬೆಲೆ ಕಟ್ಟಲಾಗದು ಎಂಬುದು ನನ್ನ ಅಭಿಪ್ರಾಯ. ಅವನ ಅಭಿಮಾನಿಗಳು ಪುಸ್ತಕವನ್ನಷ್ಟೇ ಹೊಗಳುತ್ತಾರೆ, ವಿರೋಧಿಗಳು ಆಡಳಿತವನ್ನಷ್ಟೇ ತೆಗಳುತ್ತಾರೆ. ಎರಡೂ ಅರೆ ಓದು.

ಹಿನ್ನೆಲೆ ಸ್ವಲ್ಪ ಬೇಕು. 1772, 1793 ಮತ್ತು 1795ರಲ್ಲಿ ಮೂರು ಸಲವಾಗಿ ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ಪೋಲೆಂಡನ್ನು ಹಂಚಿಕೊಂಡವು. 1863ರಲ್ಲಿ ರಷ್ಯಾದ ಪಾಲಿನಲ್ಲಿ ಎದ್ದ ದಂಗೆ ನೆಲಕಚ್ಚಿತು. ಆಸ್ಟ್ರಿಯಾ ಮಾತ್ರ 1866ರಲ್ಲಿ ಪ್ರಷ್ಯಾದ ಕೈಯಲ್ಲಿ ಸೋತ ಮೇಲೆ ಬಿಗಿ ಸಡಿಲಿಸಿತು. ಅದರ ಪಾಲಿಗೆ ಬಂದಿದ್ದ ಗಲಿಷಿಯಾ ಪ್ರಾಂತದಲ್ಲಿ ಪೋಲಿಷರಿಗೆ ತಮ್ಮದೇ ಶಾಸನಸಭೆ, ಶಾಲೆ, ಕಚೇರಿಗಳು ಸಿಕ್ಕವು. 1870ರ ಹೊತ್ತಿಗೆ ಕ್ರಾಕೋವ್‌ನ ಯಾಗಿಯೆಲೋನಿಯನ್ ವಿಶ್ವವಿದ್ಯಾಲಯದಲ್ಲಿ ಪೋಲಿಷ್ ಮತ್ತೆ ಪಾಠದ ಭಾಷೆಯಾಯಿತು. ಉಳಿದೆರಡು ಪಾಲುಗಳಲ್ಲಿ ಇಲ್ಲದ ಈ ಸ್ವಾತಂತ್ರ್ಯವನ್ನು ಹೇಗೆ ಬಳಸುವುದು? ಮತ್ತೊಂದು ದಂಗೆ ಬೇಡ, ನಮ್ಮ ಸೋಲಿಗೆ ನಾವೇ ಏಕೆ ಕಾರಣ ಎಂದು ಮೊದಲು ತಿಳಿದುಕೊಳ್ಳೋಣ ಎಂದು ಕ್ರಾಕೋವ್‌ನ ಕೆಲವು ಪಂಡಿತರು ಹೊರಟರು. 1869ರಲ್ಲಿ ಹದಿನಾರನೆಯ ಶತಮಾನದ ಆಸ್ಥಾನ ವಿದೂಷಕ ಸ್ತಾನ್‌ಚಿಕ್‌ನ ಹೆಸರಲ್ಲಿ ಅವರೊಂದು ವಿಡಂಬನೆ ಪ್ರಕಟಿಸಿದರು. ಆ ಹೆಸರೇ ಗುಂಪಿಗೂ ಅಂಟಿತು. ಮುಂದಾಳು ಯೂಝೆಫ್ ಶುಯ್‌ಸ್ಕಿ ನಾಟಕ, ಕವಿತೆಗಳನ್ನೂ ಬರೆದ ಇತಿಹಾಸಕಾರ.

ಬೊಬ್ಜಿನ್ಸ್ಕಿ ಈ ಬಳಗದ ಕಿರಿಯ, ಕಾವ್ಯದ ಸೋಂಕಿಲ್ಲದವನು. ಓದಿದ್ದು ಕಾನೂನು. ಹಳೆಯ ನ್ಯಾಯಾಲಯಗಳ ದಾಖಲೆಗಳನ್ನು ಕೂಡಿಟ್ಟ ಕ್ರಾಕೋವ್‌ನ ಪತ್ರಾಗಾರ ಅವನ ಮೇಲ್ವಿಚಾರಣೆಗೆ ಬಂದಿತ್ತು. 1873ರ ಅವನ ಅಧ್ಯಯನ ನಿಯೆಶಾವಾ ಶಾಸನಗಳ ಕುರಿತದ್ದು. 1454ರಲ್ಲಿ ರಾಜ ಕಾಜಿಮಿಯೆಜ್ ಟ್ಯೂಟಾನಿಕ್ ಯೋಧರ ಪಂಥದ ಮೇಲೆ ಯುದ್ಧಕ್ಕೆ ಹೊರಟಾಗ ಶ್ರೀಮಂತವರ್ಗದ ಸೈನ್ಯ ಬೇಕಾಗಿತ್ತು. ಪಾಳೆಯದಲ್ಲಿ ನೆರೆದ ಆ ವರ್ಗ ಹಕ್ಕುಪತ್ರ ಬರೆಸಿಕೊಂಡೇ ಹೆಜ್ಜೆ ಕಿತ್ತಿತು: ತಮ್ಮ ಸ್ಥಳೀಯ ಸಭೆಗಳ ಒಪ್ಪಿಗೆಯಿಲ್ಲದೆ ಹೊಸ ಕಾನೂನು ಕೂಡದು, ಸೈನ್ಯಕ್ಕೆ ಕರೆ ಕೂಡದು. ಯುದ್ಧದ ತುರ್ತಿನಲ್ಲಿ ರಾಜ ಒಂದೊಂದಾಗಿ ಅಧಿಕಾರ ಬಿಟ್ಟುಕೊಡುವ ಈ ಚೌಕಾಸಿಯನ್ನು ಬೊಬ್ಜಿನ್ಸ್ಕಿ ಶಾಸನದ ಸಾಲುಸಾಲಿನಲ್ಲಿ ಹಿಡಿದು ತೋರಿಸಿದ. ಅಲ್ಲಿಂದ ಮುಂದೆ 1505ರ ಶಾಸನ ಬಂತು, ಸಂಸತ್ತಿನ ಸಮ್ಮತಿಯಿಲ್ಲದೆ ರಾಜ ಹೊಸದೇನನ್ನೂ ಮಾಡುವಂತಿಲ್ಲ ಎಂದು. 1652ರಲ್ಲಿ ಒಬ್ಬನೇ ಒಬ್ಬ ಪ್ರತಿನಿಧಿ ಒಪ್ಪದಿದ್ದುದರಿಂದ ಸಂಸತ್ತಿನ ಅಧಿವೇಶನವೇ ಮುರಿದುಬಿತ್ತು. ಒಬ್ಬನ ಮುನಿಸಿಗೆ ಇಡೀ ಪಂಕ್ತಿಯ ಎಲೆ ಎತ್ತಿದ ಹಾಗೆ. ಮುಂದೆ ಅದೇ ರೂಢಿಯಾಯಿತು.

1879ರಲ್ಲಿ ಬಂದ ‘ಪೋಲೆಂಡ್ ಚರಿತ್ರೆಯ ರೂಪರೇಖೆ’ ಈ ಎಳೆಗಳನ್ನೆಲ್ಲ ಒಂದೇ ವಾದಕ್ಕೆ ಹೆಣೆಯಿತು. ನಮ್ಮನ್ನು ಮುಳುಗಿಸಿದ್ದು ನೆರೆಯವರ ದುರಾಸೆಯಲ್ಲ, ರಕ್ಷಣೆಯಿಲ್ಲದ ಗಡಿಗಳಲ್ಲ. ಒಳಗಿನ ಅರಾಜಕತೆ, ಆಳುವ ಕೈ ಇಲ್ಲದ್ದು. ಹದಿನಾರನೆಯ ಶತಮಾನದಲ್ಲಿ ಯುರೋಪಿನ ಉಳಿದ ರಾಜ್ಯಗಳು ಖಜಾನೆ, ಸೈನ್ಯ, ಅಧಿಕಾರಿವರ್ಗ ಕಟ್ಟಿಕೊಂಡವು, ಪೋಲೆಂಡ್ ಕಟ್ಟಿಕೊಳ್ಳಲಿಲ್ಲ. ಸುಧಾರಣೆ ಬೇಡುತ್ತಿದ್ದ ಸಣ್ಣ ಜಮೀನ್ದಾರರ ಜೊತೆ ಕೈಜೋಡಿಸಿ ದೊಡ್ಡ ಮನೆತನಗಳನ್ನು ಬಗ್ಗಿಸುವ ಅವಕಾಶ ಯಾಗಿಯೆಲೋನಿಯನ್ ವಂಶದ ಕೊನೆಯ ರಾಜರಿಗೆ ಇತ್ತು, ಅವರು ಕಳೆದರು. ರೋಮನ್ ಕ್ಯಾಥೊಲಿಕ್ ಪ್ರತಿಸುಧಾರಣೆಯನ್ನೂ ಆತ ಮುಲಾಜಿಲ್ಲದೆ ಟೀಕಿಸಿದ. ಯೋವಾಖಿಮ್ ಲೆಲೆವೆಲ್‌ನ ಬರವಣಿಗೆಯಿಂದ, ಪ್ರಾಚೀನ ಸ್ಲಾವ್ ಗ್ರಾಮಗಳ ಸ್ವಾತಂತ್ರ್ಯವೇ ನಮ್ಮ ಕುಲಗುಣ ಎಂದು ನಂಬಿ ಬೆಳೆದ ಓದುಗರಿಗೆ ಇದು ಕೆನ್ನೆಗೆ ಬಿದ್ದ ಏಟು.

ಪುಸ್ತಕದ ಶಕ್ತಿ ಎಲ್ಲಿದೆ ಎಂದರೆ, ದುಃಖವನ್ನು ಅದು ಪ್ರಶ್ನೆಯನ್ನಾಗಿ ತಿರುಗಿಸಿತು. ಹುತಾತ್ಮ ದೇಶ, ಶಿಲುಬೆಗೇರಿದ ದೇಶ ಎಂಬ ರಮ್ಯ ಕವಿಗಳ ಮಾತಿಗೆ ಎದುರಾಗಿ ಆತ ಕೇಳಿದ್ದು ತೆರಿಗೆಯ ಲೆಕ್ಕ, ಸಭೆಯ ನಿಯಮ, ಯಾರ ಸಹಿ ಎಲ್ಲಿ ಬೇಕಾಗಿತ್ತು ಎಂಬುದು. ಕಾನೂನು ಓದಿದವನಿಗೆ ಮಾತ್ರ ಹೊಳೆಯುವ ಪ್ರಶ್ನೆಗಳಿವು. ಅಳುವ ಜನರ ನಡುವೆ ನಿಂತು ಇಂಥ ಪ್ರಶ್ನೆ ಕೇಳಲು ಎದೆಗಾರಿಕೆಯೂ ಬೇಕು. ಸ್ವಂತ ಬಳಗವೇ ಮುನಿಯಿತು. ಶುಯ್‌ಸ್ಕಿ ಒಪ್ಪಲಿಲ್ಲ. ಪಾದ್ರಿಯೂ ಇತಿಹಾಸಕಾರನೂ ಆಗಿದ್ದ ವಲೇರಿಯನ್ ಕಲಿಂಕಾಗೂ ರಾಜ್ಯಶಕ್ತಿಯೊಂದನ್ನೇ ಅಳತೆಗೋಲು ಮಾಡಿಕೊಂಡದ್ದು ರುಚಿಸಲಿಲ್ಲ. ಅದೇ ವರ್ಷ ಚಾರಿತ್ರಿಕ ಸತ್ಯದ ಹೆಸರಿನಲ್ಲಿ ಒಂದು ಕಿರುಹೊತ್ತಿಗೆ ಬರೆದು ಬೊಬ್ಜಿನ್ಸ್ಕಿ ಎಲ್ಲರಿಗೂ ಉತ್ತರ ಕೊಟ್ಟ. ಹಿಂದೆ ಸರಿಯುವ ಜಾಯಮಾನ ಅವನದಲ್ಲ.

ಆದರೂ ವಾದದ ತಳದಲ್ಲೊಂದು ಬಿರುಕಿದೆ, ಅದನ್ನು ಮುಚ್ಚಲು ಆತನಿಂದ ಆಗಲಿಲ್ಲ. ವಾರ್ಸಾದ ತದೇವುಶ್ ಕೊರ್‌ಜೊನ್ 1880ರ ದಶಕದಲ್ಲಿ ಕೊನೆಯ ರಾಜ ಸ್ತಾನಿಸ್ವಾವ್ ಆಗುಸ್ತ್‌ನ ಕಾಲದ ಜನಸಂಖ್ಯೆ, ವ್ಯಾಪಾರ, ಹಣಕಾಸುಗಳನ್ನು ತಾಳ್ಮೆಯಿಂದ ಲೆಕ್ಕಹಾಕಿ ತೋರಿಸಿದ್ದು ಬೇರೆಯದೇ ಚಿತ್ರ. ಮೊದಲ ವಿಭಜನೆಯ ಮೇಲೆ ದೇಶ ಚೇತರಿಸಿಕೊಳ್ಳುತ್ತಿತ್ತು. ಶಾಲೆಗಳು ಹೊಸದಾಗುತ್ತಿದ್ದವು. 1791ರ ಮೇ 3ರ ಸಂವಿಧಾನ ಒಬ್ಬನೇ ಸಭೆ ಮುರಿಯುವ ಹಕ್ಕನ್ನು ಕಿತ್ತುಹಾಕಿತು, ಸಿಂಹಾಸನವನ್ನು ವಂಶಪಾರಂಪರ್ಯ ಮಾಡಿತು. ಬೊಬ್ಜಿನ್ಸ್ಕಿ ಬಯಸಿದ ಆಳುವ ಕೈ ಕೊನೆಗೂ ರೂಪುಗೊಳ್ಳುತ್ತಿತ್ತು. ಆಗಲೇ, 1792ರಲ್ಲಿ, ರಷ್ಯಾದ ಸೈನ್ಯ ಒಳನುಗ್ಗಿತು. ಮರುವರ್ಷ ಎರಡನೆಯ ವಿಭಜನೆ. ಅಂದರೆ ಪೋಲೆಂಡನ್ನು ಅಳಿಸಿದ್ದು ಅದು ಕೆಟ್ಟಿದ್ದಾಗ ಅಲ್ಲ, ರಿಪೇರಿಯಾಗುತ್ತಿದ್ದಾಗ. ರಿಪೇರಿ ತೀರಾ ತಡವಾಯಿತು ಎಂದು ಅವನ ಪರವಾಗಿ ಹೇಳಬಹುದು, ಅದು ನಿಜವೂ ಹೌದು. ಆದರೆ ನೆರೆಯವರನ್ನು ಕಥೆಯಿಂದ ಹೊರಗಿಟ್ಟವನಿಗೆ ತಡವಾಯಿತು ಎನ್ನುವ ಹಕ್ಕು ಎಲ್ಲಿಂದ ಬರುತ್ತದೆ? ಕಾದು ಕುಳಿತವರು ಇದ್ದರೆ ತಾನೇ ತಡ ಎಂಬುದಕ್ಕೆ ಅರ್ಥ!

ಗಲಿಷಿಯಾದ ರಾಜಧಾನಿ ಲ್ವೂವ್‌ನ ಕಾನೂನು ಇತಿಹಾಸಕಾರ ಓಸ್ವಾಲ್ಡ್ ಬಾಲ್ಜೆರ್ 1915ರಲ್ಲಿ ಪೋಲೆಂಡಿನ ರಾಜ್ಯವ್ಯವಸ್ಥೆಯ ಕುರಿತ ಪುಸ್ತಕದಲ್ಲಿ ಇನ್ನೊಂದು ಬಗೆಯ ಆಕ್ಷೇಪ ಎತ್ತಿದ: ಪಶ್ಚಿಮದವರಂತೆ ನಿರಂಕುಶ ರಾಜರು ನಮಗೆ ಇರಲಿಲ್ಲ ಎಂಬುದು ಹಿಂದುಳಿದುದರ ಗುರುತೇ ಏಕಾಗಬೇಕು? ದೇಶಾಭಿಮಾನ ಕೊಂಚ ಹೆಚ್ಚಾದ ಪುಸ್ತಕವದು. ಪ್ರಶ್ನೆ ಮಾತ್ರ ಸರಿಯಾದ ಜಾಗಕ್ಕೇ ತಾಗಿತು. ಆಳ್ವಿಕೆ ಬಲವಾಗಿರಬೇಕು ಎನ್ನುವ ಬೊಬ್ಜಿನ್ಸ್ಕಿ, ಆ ಬಲಕ್ಕೆ ಒಪ್ಪಿಗೆ ಕೊಡುವವರು ಯಾರು ಎಂಬುದರ ಮೇಲೆ ಅಷ್ಟೇ ಹೊತ್ತು ನಿಲ್ಲುವುದಿಲ್ಲ.

ಇಲ್ಲಿಂದ ಆಳ್ವಿಕೆಯ ಕಡೆಗೆ. 1890ರ ದಶಕದಲ್ಲಿ ಆತ ಗಲಿಷಿಯಾದ ಶಾಲಾ ಮಂಡಳಿಯ ಉಪಾಧ್ಯಕ್ಷ. ಸೇರಿಸಿದ ಶಾಲೆಗಳ ಸಂಖ್ಯೆಯ ಬಗ್ಗೆ ಯಾರದೂ ತಕರಾರಿಲ್ಲ. ತಕರಾರಿದ್ದದ್ದು ಹಳ್ಳಿಗೊಂದು ಬಗೆಯ, ಪಟ್ಟಣಕ್ಕೊಂದು ಬಗೆಯ ಪ್ರಾಥಮಿಕ ಶಾಲೆ ಎಂಬ ಏರ್ಪಾಡಿನ ಬಗ್ಗೆ. ಹಳ್ಳಿ ಶಾಲೆ ಓದಿದ ರೈತನ ಮಗ ಪ್ರೌಢಶಾಲೆಯ ಮೆಟ್ಟಿಲು ಹತ್ತುವುದು ಕಷ್ಟವಾಯಿತು. ರೈತ ಮುಖಂಡರು ಇದನ್ನು ಬಹುಕಾಲ ಆಡಿಕೊಂಡರು. ಶ್ರೀಮಂತವರ್ಗದ ಸ್ವಾರ್ಥವೇ ದೇಶವನ್ನು ಕೆಡವಿತು ಎಂದು ಬರೆದ ಕೈಯೇ ಇದಕ್ಕೂ ರುಜು ಹಾಕಿತ್ತು. ಅವನ ಆಡಳಿತದಲ್ಲಿ ಅತ್ಯಂತ ಕ್ಷಮಿಸಲಾಗದ್ದು ನನಗೆ ಇದೇ, ಮುಂದೆ ಹೇಳಲಿರುವ ಗುಂಡು ಹಾರಿದ ಪ್ರಕರಣಕ್ಕಿಂತಲೂ. ಗುಂಡು ತಪ್ಪಿ ಹಾರಬಹುದು, ಶಾಲೆಯ ಪಠ್ಯಕ್ರಮವನ್ನು ಯೋಚಿಸಿಯೇ ಬರೆಯುತ್ತಾರೆ.

1908ರ ಏಪ್ರಿಲಿನಲ್ಲಿ ಲ್ವೂವ್‌ನಲ್ಲಿ ಗವರ್ನರ್ ಆಂಜೆಯ್ ಪೊಟೊಟ್ಸ್ಕಿಯನ್ನು ಮಿರೋಸ್ಲಾವ್ ಸಿಚಿನ್ಸ್ಕಿ ಎಂಬ ಉಕ್ರೇನಿಯನ್ ವಿದ್ಯಾರ್ಥಿ ಗುಂಡಿಟ್ಟು ಕೊಂದ. ಚುನಾವಣೆಯ ಅಕ್ರಮಗಳಿಗೆ, ತನ್ನ ಜನರ ಮೇಲಾದ ಅನ್ಯಾಯಕ್ಕೆ ಸೇಡು ಎಂದ. ಪ್ರಾಂತದ ಪೂರ್ವಭಾಗದಲ್ಲಿ ಉಕ್ರೇನಿಯನ್ನರೇ ಬಹುಸಂಖ್ಯಾತರು. ಲ್ವೂವ್‌ನ ಶಾಸನಸಭೆಯಲ್ಲಿ ಅವರ ದನಿ ಕ್ಷೀಣ. ಚಕ್ರವರ್ತಿ ಆ ಖಾಲಿ ಕುರ್ಚಿಯಲ್ಲಿ ಕೂರಿಸಿದ್ದು ಬೊಬ್ಜಿನ್ಸ್ಕಿಯನ್ನು. ಇಂಥ ಹೊತ್ತಿನಲ್ಲಿ ಬಲವಾದ ಆಳ್ವಿಕೆ ಎಂದರೆ ಲಾಠಿ ಎಂದುಕೊಳ್ಳುವವರೇ ಹೆಚ್ಚು. ಅವನು ಹಿಡಿದದ್ದು ಒಪ್ಪಂದದ ದಾರಿ, ಇದೇ ಅವನ ಬದುಕಿನ ಅಚ್ಚರಿ. ಉಕ್ರೇನಿಯನ್ನರಿಗೆ ಶಾಸನಸಭೆಯಲ್ಲಿ ತಕ್ಕ ಪಾಲು, ಅವರದೇ ವಿಶ್ವವಿದ್ಯಾಲಯದ ಬೇಡಿಕೆಯ ಮೇಲೆ ಮಾತುಕತೆ, ಹೊಸ ಚುನಾವಣಾ ಕಾನೂನು. ಇದಕ್ಕಾಗಿ ಕ್ರಾಕೋವ್‌ನ ಸಂಪ್ರದಾಯವಾದಿಗಳನ್ನೂ ಪಟ್ಟಣದ ಪ್ರಜಾಪ್ರಭುತ್ವವಾದಿಗಳನ್ನೂ ರೈತ ಪಕ್ಷವನ್ನೂ ಒಂದು ಕೂಟಕ್ಕೆ ತಂದ. ಅವನ ಪುಸ್ತಕದಲ್ಲಿ ರಾಜರು ಮಾಡದೆ ಬಿಟ್ಟ ಮೈತ್ರಿಯ ಛಾಯೆ ಇದರಲ್ಲಿ ಕಾಣದಿರದು. ಸಶಸ್ತ್ರ ಸ್ವಾತಂತ್ರ್ಯ ಹೋರಾಟಕ್ಕೆ ಸಜ್ಜಾಗುತ್ತಿದ್ದ ಪಿವ್‌ಸುದ್‌ಸ್ಕಿಯ ಬಂದೂಕು ಸಂಘಗಳು ಇದೇ ಅವಧಿಯಲ್ಲಿ ಗಲಿಷಿಯಾದಲ್ಲಿ ಕಾನೂನುಬದ್ಧವಾಗಿ ಕವಾಯತು ಮಾಡಲು ಶುರುಮಾಡಿದವು ಎಂಬುದನ್ನೂ ಮರೆಯಬಾರದು. ದಂಗೆಯನ್ನು ಜೀವನವಿಡೀ ಬೈದ ಪ್ರೊಫೆಸರು ಅವನ್ನು ಕಂಡೂ ಸುಮ್ಮನಿದ್ದ.

ಕೂಟ ಕಟ್ಟುವುದಕ್ಕೆ ತೆತ್ತ ಬೆಲೆಯೂ ಇದೆ. 1911ರ ಸಂಸತ್ ಚುನಾವಣೆಯಲ್ಲಿ ಆಡಳಿತಯಂತ್ರ ತನಗೆ ಬೇಕಾದವರ ಪರ ಬಹಿರಂಗವಾಗಿ ದುಡಿಯಿತು. ಜೂನ್ 19ರಂದು ಎಣ್ಣೆ ಉದ್ಯಮದ ಊರು ದ್ರೊಹೊಬಿಚ್‌ನಲ್ಲಿ, ಮತ ಕದಿಯುತ್ತಿದ್ದಾರೆ ಎಂದು ರೊಚ್ಚಿಗೆದ್ದ ಜನರ ಮೇಲೆ ಸೈನಿಕರು ಗುಂಡು ಹಾರಿಸಿದರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಗುಂಡಿಗೆ ಅಪ್ಪಣೆ ಕೊಟ್ಟವನು ಗವರ್ನರನಲ್ಲ, ಆದರೆ ಚುನಾವಣೆಯನ್ನು ಮೇಲಿನಿಂದ ನಡೆಸಬಹುದೆಂಬ ಧೈರ್ಯ ಕೆಳಗಿನವರಿಗೆ ಬಂದದ್ದು ಅವನ ಕಚೇರಿಯಿಂದಲೇ.

ಚುನಾವಣಾ ಸುಧಾರಣೆಯ ಮಸೂದೆ 1913ರಲ್ಲಿ ದಡ ಮುಟ್ಟುವಂತಿತ್ತು. ಪೂರ್ವದ ದೊಡ್ಡ ಜಮೀನ್ದಾರರೂ ರಾಷ್ಟ್ರೀಯವಾದಿಗಳೂ ಅಡ್ಡ ನಿಂತರು. ಕೊನೆಗೆ ಪೋಲಿಷ್ ಬಿಷಪ್ಪರು ಒಂದಾಗಿ ವಿರೋಧ ಸಾರಿದಾಗ ಮಸೂದೆ ಮುರಿದುಬಿತ್ತು, ಬೊಬ್ಜಿನ್ಸ್ಕಿ ರಾಜೀನಾಮೆ ಕೊಟ್ಟ. ಅವನ ಪುಸ್ತಕ ಓದಿದವರಿಗೆ ಈ ದೃಶ್ಯ ಹೊಸದಲ್ಲ: ತಮ್ಮ ಹಕ್ಕು ಕರಗುತ್ತದೆಂಬ ಭಯದಲ್ಲಿ ಕೆಲವೇ ಜನ ಇಡೀ ವ್ಯವಸ್ಥೆಯ ರಿಪೇರಿ ತಡೆಯುವುದು. ನೂರಾರು ವರ್ಷ ಹಿಂದಿನ ರಾಜರನ್ನು ಆತ ಬೈದದ್ದು ಇಂಥವರನ್ನು ಬಗ್ಗಿಸಲಿಲ್ಲವೆಂದು. ಅವನಿಂದಲೂ ಆಗಲಿಲ್ಲ. ಯಾಗಿಯೆಲೋನಿಯನ್ ವಂಶದ ರಾಜ ಝಿಗ್‌ಮುಂತ್‌ನ ಬಗ್ಗೆ ಬರೆದ ಪುಟಗಳನ್ನು ಆ ಬೇಸಿಗೆಯಲ್ಲಿ ಅವನು ಮತ್ತೆ ತಿರುವಿಹಾಕಿದ್ದರೆ ಏನನ್ನಿಸುತ್ತಿತ್ತೋ.

ಮಸೂದೆಯನ್ನು ಅತಿಯಾಗಿ ಹೊಗಳುವುದೂ ಬೇಡ. ವರ್ಗವಾರು ಮತದಾನವನ್ನು ಅದು ಕೈಬಿಟ್ಟಿರಲಿಲ್ಲ. ಜಮೀನ್ದಾರನ ಮತಕ್ಕೂ ರೈತನ ಮತಕ್ಕೂ ಒಂದೇ ತೂಕವಿರಲಿಲ್ಲ. ಮುಂದಿನ ಗವರ್ನರ್ ವಿಟೊಲ್ಡ್ ಕೊರಿಟೊವ್‌ಸ್ಕಿಯ ಕಾಲದಲ್ಲಿ, 1914ರ ಫೆಬ್ರವರಿಯಲ್ಲಿ, ಸುಧಾರಣೆ ಅಂಗೀಕಾರವಾಯಿತು. ಶಾಸನಸಭೆಯ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ಸ್ಥಾನ ಉಕ್ರೇನಿಯನ್ನರಿಗೆ. ಆ ಕಾನೂನಿನಡಿ ಚುನಾವಣೆ ನಡೆಯಲೇ ಇಲ್ಲ, ಬೇಸಿಗೆಯಲ್ಲಿ ಮಹಾಯುದ್ಧ ಬಂತು. 1918ರ ನವೆಂಬರಿನಲ್ಲಿ ಲ್ವೂವ್‌ನ ಬೀದಿಗಳಲ್ಲಿ ಪೋಲಿಷರೂ ಉಕ್ರೇನಿಯನ್ನರೂ ಬಂದೂಕು ಹಿಡಿದು ಕಾದಾಡಿದರು.

ಸ್ವತಂತ್ರ ಪೋಲೆಂಡಿನಲ್ಲಿ ಆತ ಹೆಚ್ಚುಕಮ್ಮಿ ಬದಿಗೆ ಸರಿದ ಮುದುಕ. 1919ರಲ್ಲಿ ಸಂವಿಧಾನದ ಕರಡುಗಳನ್ನು ಪರಿಶೀಲಿಸಲು ಸರ್ಕಾರ ಕರೆದ ತಜ್ಞರ ಸಮಿತಿಗೆ ಅವನೇ ಅಧ್ಯಕ್ಷನಾಗಿದ್ದ. ಆದರೆ 1921ರಲ್ಲಿ ಬಂದ ಸಂವಿಧಾನ ಸಂಸತ್ತಿಗೆ ಬಲ ಕೊಟ್ಟು ಅಧ್ಯಕ್ಷನನ್ನು ದುರ್ಬಲನಾಗಿಯೇ ಇಟ್ಟಿತು. 1926ರ ಮೇ ತಿಂಗಳಲ್ಲಿ ಪಿವ್‌ಸುದ್‌ಸ್ಕಿ ಸೈನ್ಯದ ಬಲದಿಂದ ಅಧಿಕಾರ ಹಿಡಿದ. ‘ರೂಪರೇಖೆ’ಯ ಹೊಸ ಆವೃತ್ತಿ ಆ ಮುಂದಿನ ವರ್ಷಗಳಲ್ಲಿ, ವಿಭಜನೆಯ ನಂತರದ ಕಾಲದ ಒಂದು ಸಂಪುಟವನ್ನೂ ಸೇರಿಸಿಕೊಂಡು ಹೊರಬಂತು. ಬಲವಾದ ಆಳ್ವಿಕೆ ಬಯಸಿ ಅರ್ಧ ಶತಮಾನ ಬರೆದವನಿಗೆ ಕೊನೆಯಲ್ಲಿ ಅದೂ ದಕ್ಕಿತು. ಅಧ್ಯಕ್ಷನ ಕೈಗೆ ಅಪಾರ ಅಧಿಕಾರ ಕೊಟ್ಟ ಹೊಸ ಸಂವಿಧಾನಕ್ಕೆ 1935ರ ಏಪ್ರಿಲ್ 23ರಂದು ಸಹಿ ಬಿತ್ತು. ಜುಲೈ 3ರಂದು ಬೊಬ್ಜಿನ್ಸ್ಕಿ ತೀರಿಕೊಂಡ. ಆ ಸಂವಿಧಾನ ಸಂಸತ್ತನ್ನು ದಾಟಿದ ಬಗೆ ಮಾತ್ರ ಕಾನೂನು ಇತಿಹಾಸಕಾರರಿಗೆ ಮುಜುಗರ ತರುವಂಥದ್ದು. 1934ರ ಜನವರಿಯಲ್ಲಿ ವಿರೋಧ ಪಕ್ಷಗಳು ಸಭಾತ್ಯಾಗ ಮಾಡಿದ್ದ ಹೊತ್ತು ನೋಡಿ, ಚರ್ಚೆಗೆಂದು ಮಂಡಿಸಿದ್ದ ತಿರುಳನ್ನೇ ಸರ್ಕಾರದ ಕಡೆಯವರು ಸಂವಿಧಾನವೆಂದು ಮತಕ್ಕೆ ಹಾಕಿ ಪಾಸು ಮಾಡಿಸಿಕೊಂಡಿದ್ದರು. 1454ರ ಹಕ್ಕುಪತ್ರ ಯಾವ ಪಾಳೆಯದಲ್ಲಿ, ಯಾರ ಒತ್ತಡದಲ್ಲಿ, ಯಾವ ಕ್ರಮ ತಪ್ಪಿಸಿ ಹುಟ್ಟಿತು ಎಂದು ಬೆನ್ನುಹತ್ತಿ ಹೋದ ಆ ಹಳೆಯ ಶೋಧಕನ ಕೈಗೆ ಸಿಕ್ಕಿದ್ದರೆ, ಈ ಶಾಸನವೂ ಅಷ್ಟೇ ಕಠಿಣವಾದ ಒಂದು ಪ್ರಬಂಧಕ್ಕೆ ವಸ್ತುವಾಗುತ್ತಿತ್ತು.